ಅಮ್ಮನ ವ್ಯಾನು, ಹದಿನಾಲ್ಕು ಸೀಟು

ನನ್ನ ಅಮ್ಮ ಸ್ಕೂಲ್ ವ್ಯಾನ್ ಓಡಿಸುತ್ತಿದ್ದಳು. ಹೀಗೆಂದ ಕೂಡಲೇ ಕೇಳಿದವರು "ಓ, ಹೌದಾ" ಎಂದು ಒಂದು ಥರದ ಕನಿಕರದಲ್ಲಿ ತಲೆಯಾಡಿಸುತ್ತಾರೆ. ಅವರ ಕನಿಕರಕ್ಕೆ ನನ್ನದೊಂದು ದೊಡ್ಡ ನಮಸ್ಕಾರ. ನಾನು ಮುಂದೆ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿದೆ, ದಪ್ಪ ದಪ್ಪ ಪುಸ್ತಕ ತಿರುವಿಹಾಕಿದೆ, ಈಗ ಅದನ್ನೇ ಪಾಠ ಮಾಡಿ ಹೊಟ್ಟೆ ಹೊರೆಯುತ್ತಿದ್ದೇನೆ. ಆ ಪುಸ್ತಕಗಳಲ್ಲಿ ಇದ್ದದ್ದರ ಮುಕ್ಕಾಲು ಪಾಲು, ನನಗೆ ಹದಿಮೂರು ತುಂಬುವ ಮೊದಲೇ, ಇಂಜಿನ್ನಿನ ಮೇಲಿನ ಬಿಸಿ ಸೀಟಿನಲ್ಲಿ ಕೂತಲ್ಲೇ ಗೊತ್ತಾಗಿತ್ತು. ಹೇಳಿಕೊಟ್ಟವಳು ಹತ್ತನೇ ತರಗತಿ ದಾಟದ ಹೆಂಗಸು. ಅದನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಮನೆಯಲ್ಲಿ ನಾವು ಮೂವರು. ಸೈಕಲ್ ಅಂಗಡಿಯ ಮೇಲೆ ಎರಡು ಕೋಣೆ, ಕಡಿದಾದ ಕಬ್ಬಿಣದ ಮೆಟ್ಟಿಲು. ಅಪ್ಪ ನನಗೆ ಮೂರು ವರ್ಷವಿದ್ದಾಗ ಕೆಲಸಕ್ಕೆಂದು ಬೇರೆ ಊರಿಗೆ ಹೋದವರು ಅಲ್ಲೇ ಇನ್ನೊಂದು ಸಂಸಾರ ಹೂಡಿಕೊಂಡರು. ವ್ಯಾನನ್ನು ಇಲ್ಲೇ ಬಿಟ್ಟು ಹೋದರು, ಜೊತೆಗೆ ತಮ್ಮ ತಾಯಿಯನ್ನೂ. ನನ್ನ ಅಜ್ಜಿಗೆ ಮಗನ ಕಡೆಯಿಂದ ಒಂದೆರಡು ಸಲ ಕರೆ ಬಂತು. ಅವಳು ಹೋಗಲಿಲ್ಲ. ಹೆತ್ತ ತಪ್ಪಿಗೆ ಇಷ್ಟು ವರ್ಷ ಸಾಕಿದ್ದಾಯ್ತು, ಇನ್ನು ಅವನ ಹಿಂದೆ ಚೀಲ ಹೊತ್ತುಕೊಂಡು ಅಲೆಯೋಕೆ ನನಗೇನು ತಲೆ ಕೆಟ್ಟಿದೆಯಾ ಎಂದು ಸೊಸೆಯ ಬಳಿಯೇ ಉಳಿದಳು. ಅತ್ತೆ ಸೊಸೆ ದಿನಕ್ಕೆ ಮೂರು ಹೊತ್ತೂ ಜಗಳವಾಡುತ್ತಿದ್ದರು. ಒಬ್ಬರನ್ನು ಬಿಟ್ಟು ಒಬ್ಬರು ಊಟಕ್ಕೆ ಮಾತ್ರ ಕೂರುತ್ತಿರಲಿಲ್ಲ.

ಅಪ್ಪ ಹೋಗುವ ಮೊದಲೇ ಅಮ್ಮನಿಗೆ ವ್ಯಾನ್ ಓಡಿಸಲು ಕಲಿಸಿದ್ದು ಕೆಳಗಿನ ಸೈಕಲ್ ಅಂಗಡಿಯವನು. ಹದಿನಾಲ್ಕು ಮಕ್ಕಳು, ಹದಿನಾಲ್ಕು ಸೀಟು. ಪಕ್ಕದ ಬಾಗಿಲನ್ನು ಸ್ವಲ್ಪ ಎತ್ತಿ ಎಳೆಯದಿದ್ದರೆ ಜರುಗುತ್ತಿರಲಿಲ್ಲ. ಹಿಂದಿನ ಚಕ್ರದ ಮೇಲಿನ ಎರಡು ಸೀಟುಗಳಿಗೆ ಮಕ್ಕಳು 'ಕುದುರೆ' ಎಂದು ಹೆಸರಿಟ್ಟಿದ್ದರು. ಅಲ್ಲಿ ಕೂತವರ ಹಲ್ಲು ಶಾಲೆ ಮುಟ್ಟುವವರೆಗೂ ಕಟಕಟ ಎನ್ನುತ್ತಿತ್ತು. ಮುಂದಿನ ಕಿಟಕಿಯ ಎರಡು ಸೀಟುಗಳೆಂದರೆ ಅರಮನೆ. ನನಗೆ ಇವ್ಯಾವುವೂ ಇಲ್ಲ. ಡ್ರೈವರ್ ಮಗಳು ಕಾಸು ಕೊಡುವ ಗಿರಾಕಿಯಲ್ಲವಲ್ಲ, ಇಂಜಿನ್ ಮುಚ್ಚಳದ ಮೇಲೆ ಒಂದು ದಿಂಬು ಹಾಕಿ ನನ್ನನ್ನು ಕೂರಿಸುತ್ತಿದ್ದಳು. ಎಲ್ಲರಿಗಿಂತ ಮೊದಲು ಹತ್ತುವವಳು ನಾನು, ಎಲ್ಲರಿಗಿಂತ ಕೊನೆಗೆ ಇಳಿಯುವವಳೂ ನಾನೇ. ಆ ಹದಿನಾಲ್ಕು ಮಕ್ಕಳ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಇಂಜಿನ್ನಿನ ಬಿಸಿಗೇನೂ ಕಡಿಮೆಯಿರಲಿಲ್ಲ.

ಮೊದಲ ನಾಲ್ಕೈದು ವರ್ಷ ತಾಯಂದಿರ ಜಗಳ ನಿಲ್ಲಲೇ ಇಲ್ಲ. ಮೇಲಿನ ಬೀದಿಯಿಂದ ಶುರು ಮಾಡಿದರೆ ಆ ಬೀದಿಯ ಮಕ್ಕಳು ನಲವತ್ತು ನಿಮಿಷ ಮೊದಲೇ ಏಳಬೇಕು. ಕೆಳಗಿನ ಬೀದಿಯಿಂದ ಶುರು ಮಾಡಿದರೆ ಅವರ ಮಕ್ಕಳ ನಿದ್ದೆಗೆ ಕತ್ತರಿ. ಎಲ್ಲರ ಮಕ್ಕಳಿಗೂ ನಿದ್ದೆ ಬೇಕು, ಎಲ್ಲರ ಮಕ್ಕಳಿಗೂ ಕಿಟಕಿ ಬೇಕು. ಅಮ್ಮ ಒಂದು ದಿನ ರೋಸಿಹೋಗಿ ತೀರ್ಮಾನವನ್ನು ಮಕ್ಕಳ ಕೈಗೇ ಕೊಟ್ಟುಬಿಟ್ಟಳು. ಮೊದಲು ಹತ್ತುವವರಿಗೆ ಮೊದಲ ಆಯ್ಕೆ, ಆ ಸೀಟು ವಾರವೆಲ್ಲ ಅವರದು. ಯಾವ ಬೀದಿಯಿಂದ ಶುರುವಾಗಬೇಕು ಎಂಬುದನ್ನು ಪ್ರತಿ ಶುಕ್ರವಾರ ಅವರೇ ಮಾತಾಡಿಕೊಂಡು ಹೇಳಬೇಕು.

ಅಲ್ಲಿಂದ ಶುರುವಾಯಿತು ನೋಡಿ ಸಂತೆ. ನಿದ್ದೆ ಪ್ರಿಯರು ಕುದುರೆಗೆ ಒಪ್ಪಿಕೊಂಡರು, ಕಿಟಕಿ ಪ್ರಿಯರು ಕತ್ತಲಲ್ಲೇ ಹಲ್ಲುಜ್ಜಿದರು. ಬೇಕರಿಯವನ ಮಗ ಬುಧವಾರದ ಕಿಟಕಿಗೆ ಎರಡು ಬನ್ನು ಕೊಡುತ್ತಿದ್ದ. ಡೆಂಟಿಸ್ಟ್ ಮಗಳಿಗೆ ಒಂಬತ್ತು ವರ್ಷ, ಮಾತಿಗೆ ಮಾತು ಜೋಡಿಸುವುದರಲ್ಲಿ ಎತ್ತಿದ ಕೈ, ಅದಕ್ಕೆ ಅವಳ ಹೆಸರು ಲಾಯರ್ ಎಂದೇ ಆಗಿಹೋಗಿತ್ತು. ಅವಳು ಒಂದು ಸಲ ಜ್ವರ ಬಂದು ಮಲಗಿದ್ದ ಹುಡುಗನ ಸೀಟನ್ನೇ ಮೂರು ಪೆನ್ಸಿಲಿಗೆ ಮಾರಿದಳು. ಅಮ್ಮ ಅವತ್ತು ಎರಡು ಕಟ್ಟಳೆ ಮಾಡಿದಳು. ನಿನ್ನದಲ್ಲದ್ದನ್ನು ಮಾರುವಂತಿಲ್ಲ. ಇನ್ನೊಂದು, ಯಾವ ವ್ಯಾಪಾರವಾದರೂ ಎಲ್ಲರಿಗೂ ಕೇಳುವ ಹಾಗೆ ಎರಡು ಮಾತು ಹೇಳಬೇಕು: ಸಿಕ್ಕಿದ್ದೇನು, ಬಿಟ್ಟಿದ್ದೇನು.

ಮೊದಲನೆಯದನ್ನು ಎಲ್ಲರೂ ಥಟ್ಟನೆ ಹೇಳುತ್ತಿದ್ದರು. ಎರಡನೆಯದಕ್ಕೆ ಬಂದಾಗ ತಡವರಿಸುತ್ತಿದ್ದರು. ಬೇಕರಿ ಹುಡುಗ "ಎರಡು ಬನ್ನು ಬಿಟ್ಟೆ" ಎಂದರೆ ಅಮ್ಮ ಕನ್ನಡಿಯಲ್ಲಿ ಅವನನ್ನು ನೋಡಿ, ಬನ್ನು ಮಾತ್ರಾನಾ, ಬನ್ನು ಇದ್ದಿದ್ದರೆ ಇನ್ನೇನು ಸಿಗುತ್ತಿತ್ತು ಎಂದು ಕೇಳುತ್ತಿದ್ದಳು. ಅವನು ಯೋಚಿಸಿ, ಮಧ್ಯಾಹ್ನ ಹಸಿವಾದಾಗ ತಿನ್ನಬಹುದಿತ್ತು, ಇಲ್ಲದಿದ್ದರೆ ಗೋಲಿಗೆ ಬದಲಾಯಿಸಬಹುದಿತ್ತು ಎನ್ನುತ್ತಿದ್ದ. ಹಾಗಾದರೆ ಆ ಎರಡರಲ್ಲಿ ಯಾವುದು ನಿನಗೆ ಹೆಚ್ಚೋ ಅದನ್ನು ಬಿಟ್ಟೆ ಅಂತ ಲೆಕ್ಕ, ಎಂದು ಗೇರ್ ಬದಲಾಯಿಸುತ್ತಿದ್ದಳು. ಇದೇ ಮಾತನ್ನು ನಾನು ಈಗ ಕಾಲೇಜಿನಲ್ಲಿ ಮೂರು ತರಗತಿ ತೆಗೆದುಕೊಂಡು ವಿವರಿಸುತ್ತೇನೆ. ಕೊನೆಗೆ ಅರ್ಧ ಜನ ನಿದ್ದೆ ಮಾಡಿರುತ್ತಾರೆ.

ಶನಿವಾರ ಅರ್ಧ ದಿನ ಶಾಲೆ. ಬರುವ ದಾರಿಯಲ್ಲಿ ಯಾವುದಾದರೂ ಒಂದು ಕೆಲಸದ ಜಾಗದ ಮುಂದೆ ಅಮ್ಮ ಹತ್ತು ನಿಮಿಷ ವ್ಯಾನ್ ನಿಲ್ಲಿಸುತ್ತಿದ್ದಳು. ಪಂಕ್ಚರ್ ಅಂಗಡಿ, ಪ್ರಿಂಟಿಂಗ್ ಪ್ರೆಸ್, ಕನ್ನಡಕದ ಗಾಜು ಕೊರೆಯುವವನು, ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿ. ಮಕ್ಕಳು ಸಾಲಾಗಿ ನಿಂತು ಮೂರೇ ಪ್ರಶ್ನೆ ಕೇಳಬೇಕು. ನೀವು ಏನು ಮಾರ್ತೀರಿ? ಇಲ್ಲಿಗೆ ಬರೋಕೆ ಏನು ಬಿಟ್ರಿ? ನಾಳೆ ನೀವು ಬರದಿದ್ರೆ ಯಾರಿಗೆ ತೊಂದರೆ? ಕೆಲವರು ನಗುತ್ತಿದ್ದರು, ಒಬ್ಬಿಬ್ಬರು ಗದರಿ ಓಡಿಸಿದ್ದೂ ಉಂಟು. ಹೆಚ್ಚಿನವರು ಎರಡನೇ ಪ್ರಶ್ನೆಗೆ ಕೈಯಲ್ಲಿದ್ದ ಕೆಲಸ ಕೆಳಗಿಡುತ್ತಿದ್ದರು.

ಲಾಯರಿನ ಅಪ್ಪನ ಕ್ಲಿನಿಕ್ಕಿಗೂ ಹೋದೆವು. ಬಿಳಿ ಕೋಟಿನ ಡೆಂಟಿಸ್ಟು ಮಗಳ ಮುಂದೆ ಠೀವಿಯಿಂದ ನಿಂತಿದ್ದರು. ಏನು ಬಿಟ್ಟಿರಿ ಎಂದಾಗ ಮಾತ್ರ ಕನ್ನಡಕ ತೆಗೆದು ಒರೆಸಿ, ನಾನು ಈಜುಗಾರನಾಗಿದ್ದೆ, ಪರೀಕ್ಷೆಯ ವರ್ಷ ಬಿಟ್ಟವನು ಮತ್ತೆ ನೀರಿಗೆ ಇಳಿಯಲೇ ಇಲ್ಲ ಎಂದರು. ಲಾಯರಿಗೆ ಅದು ಗೊತ್ತೇ ಇರಲಿಲ್ಲ. ತಾನು ನಾಳೆ ಬರದಿದ್ದರೆ ಹಲ್ಲುನೋವಿನವರು ಬೇರೆ ಡಾಕ್ಟರ ಹತ್ತಿರ ಹೋಗುತ್ತಾರೆ, ಅಷ್ಟೇನೂ ತೊಂದರೆಯಿಲ್ಲ ಎಂದೂ ಒಪ್ಪಿಕೊಂಡರು. ಮುಂದಿನ ಶನಿವಾರ ಲಾಂಡ್ರಿಯಲ್ಲಿ, ತೋಳಿನ ತುಂಬ ಸುಟ್ಟ ಕಲೆಗಳಿದ್ದ ಇಸ್ತ್ರಿಯ ಹೆಂಗಸು ಮೂರನೇ ಪ್ರಶ್ನೆಗೆ ತಲೆಯನ್ನೂ ಎತ್ತದೆ ಹೇಳಿದಳು: "ನಾನು ಬರ್ಲಿಲ್ಲ ಅಂದ್ರೆ ಹನ್ನೆರಡು ಗಂಟೆಗೆ ಆಪರೇಷನ್ ನಿಲ್ಲುತ್ತೆ. ಶುದ್ಧವಾದ ಬಟ್ಟೆ ಇಲ್ದೆ ಯಾರೂ ಹೊಟ್ಟೆ ಕೊಯ್ಯಲ್ಲ."

ಹದಿನಾಲ್ಕು ಮಕ್ಕಳೂ ಆ ಹಬೆಯಲ್ಲಿ ಬಾಯಿ ತೆರೆದು ನಿಂತರು. ವ್ಯಾನ್ ಹತ್ತಿದ ಮೇಲೆ ದೊಡ್ಡ ವಾದ. ಹಾಗಿದ್ದರೆ ಡೆಂಟಿಸ್ಟಿಗೆ ಯಾಕೆ ಹೆಚ್ಚು ದುಡ್ಡು, ಇವಳಿಗೆ ಯಾಕೆ ಕಡಿಮೆ? ಅಮ್ಮ, ಹಲ್ಲಿನ ಕೆಲಸ ಗೊತ್ತಿರುವವರು ಊರಲ್ಲಿ ಎಷ್ಟು ಜನ, ಇಸ್ತ್ರಿ ಕೆಲಸ ಗೊತ್ತಿರುವವರು ಎಷ್ಟು ಜನ, ಕಲಿಯಲು ಎಷ್ಟು ವರ್ಷ, ಎಣಿಸಿ ನೋಡಿ ಎಂದಳು. ಎಣಿಸಿದರು. ಅರ್ಥವಾಯಿತು. ಅರ್ಥವಾದ ಮೇಲೆ ಅಮ್ಮ, ಬೆಲೆ ಯಾಕೆ ಹೀಗಿದೆ ಅನ್ನೋದು ಒಂದು ಪ್ರಶ್ನೆ, ಅದು ನ್ಯಾಯಾನಾ ಅನ್ನೋದು ಇನ್ನೊಂದು, ಎರಡನ್ನೂ ಕಲಸಬೇಡಿ, ಎರಡನ್ನೂ ಬಿಡಲೂ ಬೇಡಿ ಎಂದಳು. ನಾನು ಪಕ್ಕದಲ್ಲಿ ಕೂತು ಅವಳ ಕೈ ನೋಡುತ್ತಿದ್ದೆ. ಮನೆಯಲ್ಲಿ ಅಜ್ಜಿಯ ಜೊತೆ ಉಪ್ಪಿನ ಡಬ್ಬಿಗಾಗಿ ಜಗಳವಾಡುವ ಹೆಂಗಸು ಇವಳೇನಾ ಎನಿಸುತ್ತಿತ್ತು.

ನನಗೆ ಹನ್ನೆರಡಾದ ವರ್ಷ ಶಾಲೆಯಿಂದ ಪತ್ರ ಬಂತು. ಒಬ್ಬ ಬಸ್ ಮಾಲೀಕ ಶಾಲೆಗೆ ಬಸ್ಸು ಬಿಡಲು ತಯಾರಿದ್ದಾನೆ, ಮಗುವಿಗೆ ತಿಂಗಳಿಗೆ ಆರುನೂರು. ಅಮ್ಮ ಆರುನೂರ ಐವತ್ತು ತೆಗೆದುಕೊಳ್ಳುತ್ತಿದ್ದಳು. ಹತ್ತು ದಿನದ ನಂತರ ಪೋಷಕರ ಸಭೆ. ಬಸ್ಸೋ ವ್ಯಾನೋ ಅಲ್ಲೇ ತೀರ್ಮಾನ. ವ್ಯಾನಿನವರು ತಮ್ಮ ಲೆಕ್ಕ ತರಬಹುದು ಎಂದು ಹೆಡ್‌ಮಿಸ್ ಕೊನೆಗೆ ಒಂದು ಸಾಲು ಸೇರಿಸಿದ್ದರು. ಅಜ್ಜಿ ಪತ್ರವನ್ನು ತಲೆಕೆಳಗಾಗಿ ಹಿಡಿದು ನೋಡಿ, ನಮ್ಮ ಅನ್ನಕ್ಕೆ ಮಣ್ಣು ಬಿತ್ತು ಎಂದಳು. ಅವಳಿಗೆ ಓದಲು ಬರುತ್ತಿರಲಿಲ್ಲ, ಆದರೆ ಅಮ್ಮನ ಮುಖ ಓದಲು ಬರುತ್ತಿತ್ತು. ಮನೆ ಬಾಡಿಗೆ, ನನ್ನ ಶಾಲೆ, ಅಜ್ಜಿಯ ಕೀಲುನೋವಿನ ಮಾತ್ರೆ, ಎಲ್ಲವೂ ಆ ವ್ಯಾನಿನ ನಾಲ್ಕು ಚಕ್ರದ ಮೇಲೆ ನಿಂತಿತ್ತು.

ಬೇರೆ ಯಾರೇ ಆಗಿದ್ದರೂ ಮನೆ ಮನೆಗೆ ಹೋಗಿ ಕೈ ಮುಗಿಯುತ್ತಿದ್ದರು. ಅಮ್ಮ ಒಂದು ದೊಡ್ಡ ಗೆರೆಹಾಳೆಯನ್ನು ಮಕ್ಕಳ ಮುಂದಿಟ್ಟಳು. ವ್ಯಾನಿನ ಖರ್ಚೆಲ್ಲ ಬರೆಯಿರಿ, ಬಸ್ಸಿನದೂ ಬರೆಯಿರಿ, ಸಭೆಯಲ್ಲಿ ನಾನು ಅದನ್ನೇ ಓದುತ್ತೇನೆ ಎಂದಳು. ಬರೆಯುವ ಕೆಲಸ ನನ್ನದಾಯಿತು, ಯಾಕೆಂದರೆ ಇಂಜಿನ್ ಮುಚ್ಚಳ ಒಂದೇ ಅಲ್ಲಾಡದ ಮೇಜು. ಒಂದು ವಾರ ಮಕ್ಕಳು ಕೆಲಸ ಮಾಡಿದ ರೀತಿ ನೋಡಬೇಕಿತ್ತು. ಬೇಕರಿ ಹುಡುಗ ಪೆಟ್ರೋಲ್ ಬಂಕಿಗೆ ಇಳಿದು ಡೀಸೆಲ್ ದರ ಕೇಳಿ ಬಂದ. ಲಾಯರು ಪಂಕ್ಚರ್ ಅಂಗಡಿಯವನಿಂದ ಟೈರು ಎಷ್ಟು ದೂರ ಬಾಳುತ್ತದೆ ಎಂದು ಬಾಯಿಬಿಡಿಸಿದಳು. ವಿಮೆ, ಆಯಿಲ್ಲು, ರಿಪೇರಿ, ಮುಂದೊಂದು ದಿನ ಹೊಸ ವ್ಯಾನ್ ಕೊಳ್ಳಲು ತೆಗೆದಿಡಬೇಕಾದದ್ದು, ಒಂದನ್ನೂ ಬಿಡಲಿಲ್ಲ. ಎಲ್ಲ ಕೂಡಿ ಹದಿನಾಲ್ಕರಿಂದ ಭಾಗಿಸಿದರೆ ಮಗುವಿಗೆ ನಾನೂರು ಬಂತು.

ನಾನೂರು ಎಲ್ಲಿ, ಬಸ್ಸಿನ ಆರುನೂರು ಎಲ್ಲಿ. ವ್ಯಾನೇ ಗೆದ್ದಿತ್ತು. ಮಕ್ಕಳು ಕುದುರೆಯ ಮೇಲೆ ಎದ್ದು ನಿಂತು ಕುಣಿದರು. ನಾನೂ ಕುಣಿದೆ, ಆ ಹದಿನಾಲ್ಕು ಜನರ ಮೇಲೆ ನನಗೆ ಮೊದಲ ಬಾರಿ ಪ್ರೀತಿ ಉಕ್ಕಿತ್ತು. ಅಮ್ಮ ರಸ್ತೆಯ ಬದಿಗೆ ಗಾಡಿ ನಿಲ್ಲಿಸಿ ಹಾಳೆ ಕೇಳಿದಳು. ಬೆರಳಿಟ್ಟು ಒಂದೊಂದೇ ಸಾಲು ಓದುತ್ತ ಕೆಳಗಿಳಿದಳು. ಒಂದು ಕಡೆ ಬೆರಳು ನಿಂತಿತು.

"ಡ್ರೈವರ್ ಸಂಬಳ, ಸೊನ್ನೆ," ಎಂದು ಓದಿದಳು. "ಇದನ್ನ ಹಾಕಿದ್ದು ಯಾರು?"

ಹಾಕಿದ್ದು ನಾನು. ಎಲ್ಲರ ಒಪ್ಪಿಗೆಯಿಂದಲೇ ಹಾಕಿದ್ದೆ. ಡ್ರೈವರ್ ಸಂಬಳ ಎಂಬ ಸಾಲನ್ನು ಬರೆಯುವಾಗ, ಅದಕ್ಕೇನು ಬರೆಯೋದು ಎಂದು ಯಾರೋ ಕೇಳಿದ್ದರು. ಹೇಗೂ ಮಗಳನ್ನು ಶಾಲೆಗೆ ಬಿಡಲು ಆಂಟಿ ಬರಲೇಬೇಕಲ್ಲ, ಹಾಗಾಗಿ ಅದು ಖರ್ಚೇ ಅಲ್ಲ ಎಂದು ಲಾಯರು ವಾದಿಸಿದ್ದಳು. ಆಂಟಿ ಡ್ರೈವರ್ ಅಲ್ಲ, ನಮ್ಮ ಆಂಟಿ ಎಂದಿದ್ದ ಬೇಕರಿ ಹುಡುಗ. ನನಗೆ ಅಷ್ಟು ವಾದವೂ ಬೇಕಿರಲಿಲ್ಲ. ಅಮ್ಮ ಮಾಡುವುದಕ್ಕೆ ದುಡ್ಡು ಎಂಬ ಯೋಚನೆಯೇ ನನ್ನ ತಲೆಯಲ್ಲಿ ಹುಟ್ಟಿರಲಿಲ್ಲ. ಟೈರು ಸವೆಯುತ್ತದೆ ಎಂದು ನನಗೆ ಗೊತ್ತಿತ್ತು. ಅಮ್ಮ ಸವೆಯುತ್ತಾಳೆ ಎಂದು ಗೊತ್ತಿರಲಿಲ್ಲ. ಒಂದು ಚಂದದ ಗುಂಡಗಿನ ಸೊನ್ನೆ ಬರೆದು ಮುಂದಿನ ಸಾಲಿಗೆ ಹೋಗಿದ್ದೆ.

ಬೈಗುಳ ಬೀಳುತ್ತದೆಂದು ಎಲ್ಲರೂ ತಲೆ ತಗ್ಗಿಸಿದೆವು. ಅಮ್ಮ ಬೈಯಲಿಲ್ಲ. ಇಷ್ಟು ವರ್ಷ ಊರಿನವರನ್ನೆಲ್ಲ ಮೂರು ಪ್ರಶ್ನೆ ಕೇಳಿಕೊಂಡು ಬಂದಿರಲ್ಲ, ನನ್ನನ್ನು ಯಾರಾದರೂ ಕೇಳಿದಿರಾ ಎಂದಳು. ಯಾರೂ ಕೇಳಿರಲಿಲ್ಲ. ಆಗ ಬೇಕರಿ ಹುಡುಗ ಮೆಲ್ಲಗೆ ಕೇಳಿದ: "ಆಂಟಿ, ಇಲ್ಲಿಗೆ ಬರೋಕೆ ನೀವು ಏನು ಬಿಟ್ರಿ?"

ಅಮ್ಮ ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡೇ ಹೇಳಿದಳು. ಒಂಬತ್ತು ವರ್ಷದ ಹಿಂದೆ ಹಾಲಿನ ಡೈರಿಯಿಂದ ಅವಳಿಗೆ ಕರೆ ಬಂದಿತ್ತು. ದೊಡ್ಡ ಟ್ಯಾಂಕರ್ ಓಡಿಸುವ ಕೆಲಸ. ಪರೀಕ್ಷೆಯಲ್ಲಿ ಎಂಟು ಗಂಡಸರ ಜೊತೆ ಟ್ಯಾಂಕರನ್ನು ಹಿಮ್ಮುಖವಾಗಿ ತಂದು ನಿಲ್ಲಿಸಿ ಮೊದಲ ಸ್ಥಾನ ಪಡೆದಿದ್ದಳು. ಸಂಬಳ, ಯೂನಿಫಾರ್ಮು, ಮುಂದೆ ಪಿಂಚಣಿ. ಡ್ಯೂಟಿ ನಸುಕಿನ ನಾಲ್ಕಕ್ಕೆ ಶುರು. ಮೂರು ವರ್ಷದ ಮಗುವನ್ನು ಆ ಹೊತ್ತಿನಲ್ಲಿ ಕೀಲುನೋವಿನ ಅತ್ತೆಯ ಮೇಲೆ ಹಾಕಿ ಹೋಗಲಾಗದೆ, ಬೇಡ ಎಂದು ಬರೆದುಕೊಟ್ಟು ಬಂದಳು.

"ಬಿಟ್ಟಿದ್ದಕ್ಕೆ ನನಗೇನೂ ಸಂಕಟ ಇಲ್ಲ," ಎಂದಳು. "ಮಗಳು ಪಕ್ಕದಲ್ಲೇ ಕೂತು ಬೆಳೆದ್ಲು. ಸಿಕ್ಕಿದ್ದು ದೊಡ್ಡದೇ. ಆದ್ರೆ ಬಿಟ್ಟಿದ್ದು ಸೊನ್ನೆ ಅಲ್ಲ ಕಣ್ರೋ."

ನಾನು ಆ ಮೂರು ವರ್ಷದ ಮಗು. ಆ ಬಿಸಿ ಸೀಟಿನಲ್ಲಿ ಕೂತು ಒಂಬತ್ತು ವರ್ಷ ನನಗೇನು ಸಿಗಲಿಲ್ಲ ಎಂದಷ್ಟೇ ಲೆಕ್ಕ ಹಾಕಿದ್ದೆ. ನನ್ನ ಪಕ್ಕದಲ್ಲಿ ಗೇರ್ ಹಿಡಿದು ಕೂತವಳು ಏನು ಕೊಟ್ಟಿದ್ದಾಳೆ ಎಂದು ಒಂದು ದಿನವಾದರೂ ತಿರುಗಿ ನೋಡಿರಲಿಲ್ಲ. ಅವತ್ತು ನೋಡಿದೆ, ಮತ್ತು ನನ್ನ ಅಮ್ಮ ನನಗೆ ಮೊದಲ ಸಲ ತುಂಬ ದೊಡ್ಡವಳಾಗಿ ಕಂಡಳು. ನಾಚಿಕೆಗೂ ಮೆಚ್ಚುಗೆಗೂ ನಡುವೆ ಏನೋ ಒಂದು ನನ್ನ ಎದೆಯಲ್ಲಿ ತುಂಬಿಕೊಂಡಿತು.

ಮುಂದಿನ ಎರಡು ದಿನ ಮಕ್ಕಳು ಕಂಡ ಕಂಡ ಡ್ರೈವರುಗಳನ್ನೆಲ್ಲ ಸಂಬಳ ಕೇಳಿದರು. ಅಂಚೆ ಗಾಡಿಯವನು, ಬ್ರೆಡ್ ಸಾಗಿಸುವವನು, ಕ್ಲಿನಿಕ್ಕಿನ ಕಾರಿನವನು. ಸರಾಸರಿ ತೆಗೆದರೆ ಐದು ಸಾವಿರದ ಆರುನೂರು. ಮಗುವಿಗೆ ನಾನೂರು. ಸೊನ್ನೆಯನ್ನು ಅಳಿಸಿ ಅದನ್ನು ಬರೆದೆ. ವ್ಯಾನು ಎಂಟುನೂರಕ್ಕೆ ಹೋಗಿ ಕೂತಿತು, ಬಸ್ಸು ಆರುನೂರಲ್ಲೇ ಉಳಿಯಿತು. ಈ ಸಲ ಯಾರೂ ಕುಣಿಯಲಿಲ್ಲ.

ಅವತ್ತು ಸಂಜೆ ಮನೆಯಲ್ಲಿ ನಾನು ಅಮ್ಮನ ಕಾಲು ಹಿಡಿದುಕೊಂಡೆ. ಸೊನ್ನೆ ಬೇಡ, ಅರ್ಧ ಹಾಕೋಣ, ಎರಡು ಸಾವಿರದ ಎಂಟುನೂರು, ಆಗ ವ್ಯಾನೂ ಬಸ್ಸೂ ಸಮಸಮ, ಗುರುತಿನವಳು ಅಂತ ಎಲ್ಲರೂ ನಮ್ಮ ಕಡೆಯೇ ಬರುತ್ತಾರೆ ಎಂದೆ. ಈಗ ಎಲ್ಲ ಖರ್ಚು ಕಳೆದು ಅವಳ ಕೈಗೆ ಉಳಿಯುತ್ತಿದ್ದದ್ದು ಮೂರೂವರೆ ಸಾವಿರ. ಸ್ವಲ್ಪ ಹೊಟ್ಟೆ ಕಟ್ಟಿದರೆ ಆಗುತ್ತದೆ ಎಂದು ನನ್ನ ಅಂದಾಜು. ಅಜ್ಜಿ ಜೀವಮಾನದಲ್ಲಿ ಮೊದಲ ಬಾರಿ ನನ್ನ ಪರ ಮಾತಾಡಿದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ತಾಯಿ, ಕೈಲಿರೋದನ್ನ ಕೊಡವಿಕೊಂಡು ಆಕಾಶ ನೋಡಬೇಡ ಎಂದಳು.

ಅಮ್ಮ ಪಾತ್ರೆ ಒರೆಸುತ್ತಿದ್ದವಳು ಬಟ್ಟೆ ಕೆಳಗಿಟ್ಟಳು.

"ಅತ್ತೆ, ಹೊರಗಡೆ ಐದು ಸಾವಿರದ ಆರುನೂರಕ್ಕೆ ಹೋಗೋ ಕೆಲಸಾನ ನಾನು ಅರ್ಧಕ್ಕೆ ಮಾರ್ತಾ ಇದ್ರೆ, ಉಳಿದರ್ಧ ದಿನಾ ಕಳ್ಕೊಳ್ತಾ ಇದ್ದೀನಿ ಅಂತ ಲೆಕ್ಕ. ಇವಳು ಚಿಕ್ಕೋಳಿದ್ದಾಗ ಅದಕ್ಕೆ ಬದಲು ಇವಳು ಸಿಕ್ತಿದ್ಲು. ಈಗ ಇವಳಿಗೆ ಹನ್ನೆರಡು. ಈಗ ಏನು ಸಿಗುತ್ತೆ?" ಆಮೇಲೆ ನನ್ನ ಕಡೆ ತಿರುಗಿದಳು. "ಅರ್ಧ ಓದಿ ಗೆದ್ರೆ ಹದಿನಾಲ್ಕು ಮಕ್ಕಳು ಅದನ್ನೇ ಕಲೀತಾರೆ. ನಾಳೆ ಯಾರದೋ ದುಡಿಮೆಗೆ ಅರ್ಧ ಹಾಕ್ತಾರೆ. ಇಲ್ಲಾ, ಅವರ ದುಡಿಮೆಗೆ ಯಾರೋ ಅರ್ಧ ಹಾಕಿದಾಗ ತೆಪ್ಪಗಿರ್ತಾರೆ."

ಅಜ್ಜಿ, ಹೊರಗೆ ಕೆಲಸ ಸಿಗದಿದ್ದರೆ ಎಂದು ಕೇಳಿದಳು. ಅಮ್ಮ ಬಟ್ಟೆ ಎತ್ತಿಕೊಂಡು ಮತ್ತೆ ಪಾತ್ರೆ ಒರೆಸತೊಡಗಿದಳು.

ಸಭೆ ಶಾಲೆಯ ಚಿತ್ರಕಲೆಯ ಕೋಣೆಯಲ್ಲಿ. ಸಣ್ಣ ಸಣ್ಣ ಬೆಂಚುಗಳಲ್ಲಿ ಅಪ್ಪ ಅಮ್ಮಂದಿರು ಮಂಡಿ ಮಡಚಿ ಕೂತಿದ್ದರು. ಬಸ್ ಮಾಲೀಕ ಗೋಡೆಗೆ ಒರಗಿ ನಿಂತಿದ್ದ, ಅಚ್ಚುಕಟ್ಟಾದ ಮನುಷ್ಯ. ಅಮ್ಮ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಎದ್ದು ನಿಂತು ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ತನ್ನ ಸಂಬಳದ ಸಾಲನ್ನೂ ಡೀಸೆಲ್ಲಿನ ಸಾಲನ್ನೂ ಒಂದೇ ದನಿಯಲ್ಲಿ ಓದಿದಳು. ಕೊನೆಗೆ, ಬಸ್ಸು ಮಗುವಿಗೆ ಇನ್ನೂರು ಕಡಿಮೆ, ಹದಿನೈದು ನಿಮಿಷ ಬೇಗ, ಕುದುರೆ ಸೀಟು ಇಲ್ಲ, ಲೆಕ್ಕ ಹಾಕಿದ್ದು ನಿಮ್ಮ ಮಕ್ಕಳು, ನಾನು ಪರೀಕ್ಷಿಸಿದ್ದೇನೆ, ಸರಿಯಾಗಿದೆ ಎಂದಳು. ತನ್ನ ಹೊಟ್ಟೆಯ ಮೇಲೆ ತಾನೇ ಬರೆ ಎಳೆದುಕೊಳ್ಳುವ ಹೆಂಗಸನ್ನು ಆ ಅಪ್ಪ ಅಮ್ಮಂದಿರು ಹಿಂದೆ ನೋಡಿರಲಿಲ್ಲ.

ಡೆಂಟಿಸ್ಟು ಒಳ್ಳೆಯ ಮನಸ್ಸಿನಿಂದಲೇ ಕೇಳಿದರು, ನಿಮ್ಮ ಸಂಬಳ ಸ್ವಲ್ಪ ಕಡಿಮೆ ಹಾಕಿಕೊಂಡರೆ ಸರಿಹೋಗುತ್ತದಲ್ಲ, ನಮಗೂ ನಿಮ್ಮನ್ನು ಬಿಡಲು ಮನಸ್ಸಿಲ್ಲ. ಅಮ್ಮ ನಗುತ್ತಲೇ ಹೇಳಿದಳು: "ಹಾಗೆ ಮಾಡಿದ್ರೆ ನಿಮ್ಮ ಮಕ್ಕಳ ವ್ಯಾನಿಗೆ ದುಡ್ಡು ಕೊಡೋರಲ್ಲಿ ನಾನೂ ಒಬ್ಬಳಾಗ್ತೀನಿ ಸರ್. ಇಷ್ಟು ದಿನ ಕೊಟ್ಟೆ. ಇನ್ನು ಸಾಕು." ಡೆಂಟಿಸ್ಟು ಮತ್ತೆ ಕನ್ನಡಕ ತೆಗೆದರು. ಕೈ ಎತ್ತಿಸಿದಾಗ ಬಸ್ಸೇ ಗೆದ್ದಿತು. ಹಿಂದಿನ ಬೆಂಚಿನಲ್ಲಿ ಲಾಯರು ಮೇಜಿಗೆ ಮುಖ ಒತ್ತಿಕೊಂಡು ಅಳುತ್ತಿದ್ದಳು. ಅವಳ ಜೀವನದಲ್ಲಿ ಅವಳು ವಾದವಿಲ್ಲದೆ ಸೋತದ್ದು ಅದೊಂದೇ ಸಲ.

ಹೊರಗೆ ಬಸ್ ಮಾಲೀಕ ನಮ್ಮ ಹಿಂದೆಯೇ ಬಂದ. ಡ್ರೈವರ್ ಇನ್ನೂ ಗೊತ್ತುಮಾಡಿಲ್ಲ, ನೀವೇ ಬನ್ನಿ, ಮಕ್ಕಳಿಗೂ ಪರಿಚಯ, ತಿಂಗಳಿಗೆ ಮೂರೂವರೆ ಸಾವಿರ ಕೊಡುತ್ತೇನೆ ಎಂದ. ಮೂರೂವರೆ ಸಾವಿರವೆಂದರೆ ನಮಗೆ ಈಗ ಬರುತ್ತಿದ್ದದ್ದೇ. ಬಾಡಿಗೆ, ಶಾಲೆ, ಮಾತ್ರೆ, ಎಲ್ಲವೂ ಇದ್ದ ಹಾಗೇ ಇರುತ್ತದೆ. ದೇವರು ಬಂದ ಹಾಗೆ ಬಂದನಲ್ಲ ಮಹಾರಾಯ ಎಂದುಕೊಂಡೆ. ಅಮ್ಮ ಒಳಗೆ ಓದಿದ ಅಂಕಿಯನ್ನೇ ಹೇಳಿದಳು. ಅವನು ಅಷ್ಟಾಗುವುದಿಲ್ಲ, ಹೆಂಗಸಿಗೆ ಇಷ್ಟು ಹೇಳಿದ್ದೇ ಹೆಚ್ಚು ಎಂದ. ಅಮ್ಮ, ಹಾಗಾದರೆ ಬೇಡ, ನಿಮಗೆ ಒಳ್ಳೆಯ ಡ್ರೈವರ್ ಸಿಗಲಿ, ಕೆಳಗಿನ ಬೀದಿಯ ತಿರುವಿನಲ್ಲಿ ಮೋರಿ ಇದೆ, ನೋಡಿಕೊಂಡು ಓಡಿಸಲು ಹೇಳಿ ಎಂದು ವ್ಯಾನಿನ ಬಾಗಿಲು ಎತ್ತಿ ಎಳೆದಳು.

ದಾರಿಯಲ್ಲಿ ನಾನು ಅವಳ ಮೇಲೆ ಹರಿಹಾಯ್ದೆ. ಏನೇನು ಅಂದೆನೋ, ಈಗ ಬರೆಯಲು ಮನಸ್ಸಿಲ್ಲ. ಜಂಬ, ಹಟ, ನಮ್ಮನ್ನು ಬೀದಿಗೆ ತಂದೆ, ಇಂಥವೇ. ಅವಳು ಕೆಂಪು ದೀಪದಲ್ಲಿ ನಿಂತಾಗ ಮಾತ್ರ ಬಾಯಿ ಬಿಟ್ಟಳು.

"ಮಕ್ಕಳು ಬೀದಿ ಬೀದಿ ತಿರುಗಿ ನನ್ನ ಕೆಲಸಕ್ಕೆ ಒಂದು ಬೆಲೆ ಹುಡುಕಿ ತಂದ್ರು. ಅದನ್ನ ಎಲ್ಲರ ಮುಂದೆ ಓದಿದೆ. ಹೊರಗೆ ಬಂದ ಎರಡೇ ನಿಮಿಷಕ್ಕೆ ಅದಕ್ಕಿಂತ ಕಡಿಮೆಗೆ ಒಪ್ಪಿದ್ರೆ, ಒಳಗೆ ಓದಿದ್ದು ಸುಳ್ಳಾಗಲ್ವಾ?"

ಅವಳ ಮುಖದಲ್ಲಿ ಒಂದಿಷ್ಟೂ ಅಳುಕು ಕಾಣಲಿಲ್ಲ. ನಾನು ಸಿಟ್ಟಿನಲ್ಲೇ ಬೆರಗಾದೆ. ಸಿಟ್ಟು ಹೋಗಲಿಲ್ಲ, ಬೆರಗೂ ಹೋಗಲಿಲ್ಲ.

ಹನ್ನೊಂದು ವಾರ ಅವಳಿಗೆ ಕೆಲಸ ಸಿಗಲಿಲ್ಲ. ಹಿಂದಿನ ಸೀಟುಗಳನ್ನು ಬಿಚ್ಚಿಟ್ಟು ಮನೆ ಬದಲಾಯಿಸುವವರ ಮಂಚ, ಬೀರು ಸಾಗಿಸಿದಳು. ಅದೂ ಇಲ್ಲದ ದಿನ ಒಂದೊಂದೇ ಕಚೇರಿಯ ಮೆಟ್ಟಿಲು ಹತ್ತಿ ಇಳಿದಳು. ಡೈರಿಯಲ್ಲಿ ವಯಸ್ಸು ಮೀರಿತು ಎಂದರು. ಒಂದು ಕಡೆ ಅರ್ಜಿಯನ್ನೇ ತೆಗೆದುಕೊಳ್ಳಲಿಲ್ಲ, ಇನ್ನೆರಡು ಕಡೆ ನಾಲ್ಕು ಸಾವಿರ ಎಂದರು, ಇವಳು ಎದ್ದು ಬಂದಳು. ಅಜ್ಜಿ ತನ್ನ ಮಾತ್ರೆಯನ್ನು ಅರ್ಧ ಮುರಿದು ನುಂಗತೊಡಗಿದಳು, ನಮಗೆ ಗೊತ್ತಾಗದ ಹಾಗೆ. ಸೊಸೆಯ ಜೊತೆ ಜಗಳವಾಡುವುದನ್ನು ಪೂರ್ತಿ ನಿಲ್ಲಿಸಿದಳು, ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಅಮ್ಮ ಮಾತ್ರ ದಿನಾ ಬೆಳಗ್ಗೆ ಹಳೆಯ ಹೊತ್ತಿಗೇ ಎದ್ದು, ಬಟ್ಟೆಗೆ ಇಸ್ತ್ರಿ ಹಾಕಿಕೊಂಡು, ಏನೂ ಆಗದವಳ ಹಾಗೆ ಮೆಟ್ಟಿಲು ಇಳಿಯುತ್ತಿದ್ದಳು. ಇವಳು ಯಾವ ಮಣ್ಣಿನಿಂದ ಮಾಡಿದವಳು ಎಂದು ನಾನು ಹಾಸಿಗೆಯಿಂದಲೇ ನೋಡುತ್ತಿದ್ದೆ.

ಹನ್ನೆರಡನೇ ವಾರದ ಸೋಮವಾರ ನನಗೆ ರಜೆ. ಊರಿನ ನೀರು ಸರಬರಾಜು ಕಚೇರಿಗೆ ನನ್ನನ್ನೂ ಕರೆದುಕೊಂಡು ಹೋದಳು. ಬೀದಿ ಬೀದಿಯ ನಲ್ಲಿ ನೀರನ್ನು ಸೀಸೆಯಲ್ಲಿ ಹಿಡಿದು ಪರೀಕ್ಷಿಸುವ ಒಂದು ಗಾಡಿಗೆ ಡ್ರೈವರ್ ಬೇಕಿತ್ತು. ಫೈಲುಗಳ ರಾಶಿಯ ಹಿಂದೆ ಒಬ್ಬ ಬೊಕ್ಕತಲೆಯ ಗುಮಾಸ್ತರು. ಲೈಸೆನ್ಸ್ ನೋಡಿದರು, ಎಷ್ಟು ವರ್ಷ ಅನುಭವ ಎಂದು ಕೇಳಿದರು, ಗಾಡಿಯನ್ನು ಕಾಂಪೌಂಡಿನಲ್ಲಿ ಒಂದು ಸುತ್ತು ಹಾಕಿಸಿದರು. ಮತ್ತೆ ಬಂದು ಕೂತು ಸಂಬಳ ಎಷ್ಟು ನಿರೀಕ್ಷೆ ಎಂದರು. ನಾನು ಕುರ್ಚಿಯ ಅಂಚು ಬಿಗಿಹಿಡಿದೆ. ಅಮ್ಮ ಐದು ಸಾವಿರದ ಆರುನೂರು ಎಂದಳು. ಗುಮಾಸ್ತರು ತಲೆ ಎತ್ತದೆ ಅದನ್ನು ಅರ್ಜಿಯ ಮೇಲೆ ಬರೆದು, ಸೀಲು ಒತ್ತಿ, ನಾಳೆ ಏಳಕ್ಕೆ ಬನ್ನಿ ಎಂದರು. ಅಷ್ಟೇ.

ಹೊರಗೆ ಬಂದು ವ್ಯಾನಿನಲ್ಲಿ ಕೂತೆವು. ಸೀಟುಗಳಿಲ್ಲದ ವ್ಯಾನಿನಲ್ಲಿ ನಾನು ಮುಂದೆ, ಅವಳ ಪಕ್ಕದಲ್ಲಿ. ಅಮ್ಮ, "ಆರು ಸಾವಿರ ಕೇಳಬೇಕಿತ್ತು ಕಣೆ," ಎಂದಳು. ನಾನು ನಕ್ಕೆ. ಅವಳು ಕೀ ತೂರಿಸಲು ಹೋದಳು. ಅದು ತೂತಿನ ಪಕ್ಕಕ್ಕೆ ಬಡಿಯಿತು. ಮತ್ತೆ ತೂರಿಸಿದಳು, ಮತ್ತೆ ಪಕ್ಕಕ್ಕೆ. ಒಂಬತ್ತು ವರ್ಷ ಕಣ್ಣು ಮುಚ್ಚಿಕೊಂಡು ಹಾಕುತ್ತಿದ್ದ ಕೀ. ಆಗ ನೋಡಿದೆ, ಅವಳ ಕೈ ಮಣಿಕಟ್ಟಿನವರೆಗೂ ಗಡಗಡ ನಡುಗುತ್ತಿತ್ತು.

"ನಿಂಗೆ ಭಯ ಇತ್ತಾ ಅಮ್ಮ?" ಎಂದೆ.

"ಇಲ್ದೆ ಏನು," ಎಂದಳು. "ದಿನಾ ಇತ್ತು."

ಹನ್ನೊಂದು ವಾರ ಒಂದೇ ಕೋಣೆಯಲ್ಲಿ ಅವಳ ಪಕ್ಕದಲ್ಲಿ ಮಲಗಿದ್ದೆ, ನನಗೆ ಗೊತ್ತೇ ಆಗಿರಲಿಲ್ಲ. ಅವಳು ಎರಡೂ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟು ಒತ್ತಿಕೊಂಡಳು, ನಡುಕ ನಿಲ್ಲಲಿಲ್ಲ. ನಾನು ಕೀ ತೆಗೆದುಕೊಂಡು ತೂರಿಸಿ ತಿರುಗಿಸಿದೆ. ಗಾಡಿ ಸ್ಟಾರ್ಟ್ ಆಯಿತು. ಇಬ್ಬರೂ ಬಹಳ ಹೊತ್ತು ಅಲ್ಲೇ, ಇಂಜಿನ್ ಓಡುತ್ತಿದ್ದ ಹಾಗೇ ಕೂತಿದ್ದೆವು. ಡೀಸೆಲ್ ಸುಮ್ಮನೆ ಉರಿಯುತ್ತಿತ್ತು, ಅವಳು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.